ಉಪ್ಪುಕಡ್ಡಿ

ಸಹಮ್ ಊರಿನಾಚೆ, ಕಡಲಿಗೆ ಬೆನ್ನು ಹಾಕಿ ಕೂತ
ಖಲ್ಫಾನನ ಹನ್ನೆರಡು ಎಕರೆ.
ಮೂವತ್ತು ವರ್ಷ ಪಂಪು ಸಿಹಿನೀರನ್ನು ಮೇಲಕ್ಕೆಳೆಯಿತು.
ಖಾಲಿಯಾದ ಜಾಗಕ್ಕೆ ಕಡಲು
ಚಪ್ಪಲಿ ಕೈಲಿ ಹಿಡಿದ ಕಳ್ಳನ ಹಾಗೆ
ಒಳಗೊಳಗೇ ಬಂತು.
ನಿಂಬೆ ಮೊದಲು ಸತ್ತಿತು. ಆಮೇಲೆ ಮಾವು.
ಖರ್ಜೂರ ಹಟಮಾರಿ; ಕೊನೆಗೆ ಅದೂ ತಲೆ ಬೋಳಿಸಿಕೊಂಡಿತು.

ಉಪ್ಪು ತಿಂದವರು ನೀರು ಕುಡಿಯಬೇಕು ಅಂತಾರೆ ನಮ್ಮ ಕಡೆ.
ನೀರೇ ಉಪ್ಪಾದರೆ
ತಿಂದ ಮಣ್ಣು ಏನು ಕುಡಿಯಬೇಕು?

ನಾನು ಉಗಾರದ ಕಡೆಯವನು, ಸವಳು ನನಗೆ ಹೊಸದಲ್ಲ.
ಕೃಷ್ಣೆಯ ನೀರು ಕುಡಿದೂ ಕುಡಿದೂ ಹೊಟ್ಟೆಯುಬ್ಬಿದ ಎರೆಹೊಲ
ಬೆಳಗಾಗೆದ್ದು ಬೆಳ್ಳಗೆ ಬೆವರುವುದನ್ನು
ಚಡ್ಡಿ ಹಾಕುವ ವಯಸ್ಸಿನಲ್ಲೇ ಕಂಡವನು.
ಅಲ್ಲಿಯ ಕಬ್ಬು ಈಗ ಸಕ್ಕರೆಯಾಗುವ ಮೊದಲೇ
ಕಾರಿನ ಟ್ಯಾಂಕು ಸೇರುತ್ತದಂತೆ.
ಇಲ್ಲಿ ನನ್ನ ಕೆಲಸ ಮಣ್ಣಿನ ಉಪ್ಪು ಅಳೆಯುವುದು,
ಅಳೆದದ್ದನ್ನು ಬರೆಯುವುದು,
ಬರೆದದ್ದನ್ನು ಯಾರಾದರೂ ಓದುತ್ತಾರೋ ಎಂದು ಕೇಳದಿರುವುದು.

ಕಂಪನಿ ತಂದ ಬೀಜ ಸಾಸಿವೆಗಿಂತ ಸಣ್ಣದು.
ಗಿಡಕ್ಕೆ ಎಲೆಯಿಲ್ಲ; ಗೆಣ್ಣು ಗೆಣ್ಣಾಗಿ ಹಸಿರು ಬೆರಳು.
ಮುರಿದರೆ ಟಪ್ಪೆನ್ನುತ್ತದೆ,
ನೆಕ್ಕಿದರೆ ಉಪ್ಪಿನಕಾಯಿ ಭರಣಿಯ ತಳ.
ನನ್ನ ಬಾಯಲ್ಲಿ ಹೆಸರಿರಲಿಲ್ಲ. ಉಪ್ಪುಕಡ್ಡಿ ಅಂದೆ.
ಸಾತಕ್ಷೀರಾದ ಮೊಖ್ಲೇಸ್,
ಭತ್ತದ ಗದ್ದೆಗಳನ್ನು ಸಿಗಡಿಗೆ ಬಿಟ್ಟುಕೊಟ್ಟ ಊರಿನವನು,
ಅವನೂ ಉಪ್ಪುಕಡ್ಡಿ ಅಂದ, ‘ಡ್ಡಿ’ಯ ಮೇಲೆ ಜಾರಿ ಬಿದ್ದು.
ಬೀಜದ ಎಣ್ಣೆ ವಿಮಾನಕ್ಕೆ,
ಕಡ್ಡಿಯ ಕಾವು ಬಾಯ್ಲರಿಗೆ.
ರಾತ್ರಿ ಸೊಹಾರ್ ದಿಕ್ಕಿನಿಂದ ರಿಫೈನರಿಯ ಬೆಂಕಿ
ನಮ್ಮ ಹೊಲವನ್ನೇ ನೋಡುತ್ತಿತ್ತು,
ಮಗುವಿನ ಅಂಗಡಿಯಾಟ ನೋಡುವ ಸಾಹುಕಾರನ ಹಾಗೆ.

ಮೊದಲ ಕಟಾವಿಗೆ ತೂಕದ ಲೆಕ್ಕ.
ಮಸ್ಕತ್ತಿನಿಂದ ಬಂದ ಹೈಥಮ್ ಹೇಳಿದ: ಬುಡಸಮೇತ ಕೀಳಿ,
ಟನ್ನಿಗೆ ಇಷ್ಟು ರಿಯಾಲು,
ನೆಲದಲ್ಲಿ ಬಿಟ್ಟದ್ದಕ್ಕೆ ಸೊನ್ನೆ.
ಕಿತ್ತೆವು.
ಒಂದೇ ಒಂದು ಪಟ್ಟಿ ಉಳಿಯಿತು, ಅದೂ ಧರ್ಮಕ್ಕಲ್ಲ,
ಟ್ರ್ಯಾಕ್ಟರು ಕೆಟ್ಟಿತ್ತು.

ಡಿಸೆಂಬರಿನಲ್ಲಿ ನಾಶಿ ಬಂತು.
ಹೆಸರು ಕೇಳಿಯೇ ನನ್ನ ಕನ್ನಡದ ಕಿವಿ ನಡುಗಿತು;
ಅವರಿಗದು ಬರೀ ಈಶಾನ್ಯದ ಗಾಳಿ.
ಮೂರು ದಿನ.
ಬೋಳು ನೆಲ ಎದ್ದು ನಡೆಯಿತು,
ಬೇಲಿ ದಾಟಿ ಜುವೈನಾ ಅತ್ತೆ ಒಗೆದು ಹರವಿದ ಬಟ್ಟೆಗೆ,
ಮೇಕೆಗಳ ಕಣ್ಣಿಗೆ, ನಮ್ಮ ಬೇಳೆಸಾರಿಗೆ.
ಉಳಿದ ನೆಲದ ನೀರನ್ನು ಬಿಸಿಲು ಹೀರಿ
ಉಪ್ಪು ಮಾತ್ರ ಉಗುಳಿ ಹೋಗಿತ್ತು.
ಕಡ್ಡಿಯಿದ್ದ ಪಟ್ಟಿ ಹಲ್ಲು ಕಚ್ಚಿ ಮಲಗಿತ್ತು.
ಮೀಟರು: ಬೋಳಿನಲ್ಲಿ ಇಪ್ಪತ್ತೊಂದು, ಪಟ್ಟಿಯಲ್ಲಿ ಹದಿನಾಲ್ಕು.
ಬರೆದೆ. ಈ ಸಲ ಅಡಿಗೆರೆ ಎಳೆದೆ.

ಜುವೈನಾ ಅದನ್ನು ಓದಲಿಲ್ಲ. ಬಟ್ಟೆ ಕೊಡವುತ್ತ ಅಂದಳು:
‘ಗರಿ ಸವರಿದರೆ ನನ್ನ ಅಮ್ಮ
ಅರ್ಧ ಒಲೆಗೆ ಒಯ್ಯುತ್ತಿದ್ದಳು, ಅರ್ಧ ಬುಡಕ್ಕೆ ಬಿಡುತ್ತಿದ್ದಳು.
ನಿಮ್ಮ ಕಂಪನಿಯ ಒಲೆಗೆ ಅಷ್ಟೊಂದು ಹಸಿವೇನೋ?’
ಖಲ್ಫಾನ್ ಮೇಕೆಯ ಕಣ್ಣು ತೊಳೆಯುತ್ತಿದ್ದ, ಮಾತಾಡಲಿಲ್ಲ.

ಈ ವರ್ಷ ಕೊಯ್ಲಿಗೆ ಮುನ್ನ ಮೊಣಕಾಲೂರಿ ಕೂತು
ಕಡ್ಡಿಯ ಪಕ್ಕ ಗೇಣು ಹಿಡಿದ.
‘ಇಷ್ಟು ಮಣ್ಣಿಗೆ. ಇದರ ಮೇಲೆ ಕುಡುಗೋಲು.’
ಮೂರರಲ್ಲೊಂದು ಪಾಲು ನೆಲದಲ್ಲೇ ನಿಂತಿತು.
ತೂಕದ ಚೀಟಿ ಬಡವಾಯಿತು.
ಹೈಥಮ್ ಎರಡು ಸಲ ಫೋನು ಮಾಡಿದ,
ಮೂರನೆಯ ಸಲ ಮಾಡಲಿಲ್ಲ.
ಮುಂದಿನ ವರ್ಷದ ಕರಾರುಪತ್ರ ಇನ್ನೂ ಬಂದಿಲ್ಲ.

ನಿನ್ನೆ ಮೀಟರಿನ ಬ್ಯಾಟರಿ ಸತ್ತಿತ್ತು.
ನಮ್ಮೂರ ಹಿರಿಯರ ಹಾಗೆ
ಚಿಟಿಕೆ ಮಣ್ಣು ನಾಲಿಗೆಗಿಟ್ಟೆ.
ಏನು, ಎಂದು ಕಣ್ಣಲ್ಲೇ ಕೇಳಿದ ಮೊಖ್ಲೇಸ್.
‘ಉಪ್ಪು ಸ್ವಲ್ಪ ಕಡಿಮೆ’ ಅಂದೆ,
ಸಾರಿನ ತಪ್ಪು ಹೇಳುವವನ ದನಿಯಲ್ಲಿ.
ಅವನೂ ನೆಕ್ಕಿದ, ಯೋಚಿಸಿದ,
ಇಲ್ಲ ಎಂದು ತಲೆಯಾಡಿಸಿದ.
ಇಬ್ಬರೂ ಬಗ್ಗಿ
ಇನ್ನೊಂದು ಚಿಟಿಕೆ ತೆಗೆದುಕೊಂಡೆವು.